ಹೇನಿಗೆ ಕತ್ತರಿ ಮದ್ದಲ್ಲ

ಮಾನ್ಯ ಸಂಪಾದಕರಿಗೆ,

ಮಳೆಗಾಲ ಬಂತೆಂದರೆ ಪತ್ರಿಕೆಯಲ್ಲಿ ಡೆಂಗ್ಯೂ ಬರುತ್ತದೆ, ಇಲಿಜ್ವರ ಬರುತ್ತದೆ, ಅಡಿಕೆಯ ಕೊಳೆರೋಗವೂ ಬರುತ್ತದೆ. ಹೇನಿನ ಸುದ್ದಿ ಮಾತ್ರ ಯಾರೂ ಬರೆಯುವುದಿಲ್ಲ. ಬರೆಯುವಷ್ಟು ದೊಡ್ಡ ವಿಷಯ ಅಲ್ಲ ಅಂತ ಇರಬಹುದು. ಕಳೆದ ಆಟಿ ತಿಂಗಳವರೆಗೆ, ಅಂದರೆ ನಮ್ಮ ತುಳುನಾಡಿನ ಜೋರು ಮಳೆಯ ತಿಂಗಳವರೆಗೆ, ನಾನೂ ಹಾಗೇ ಅಂದುಕೊಂಡಿದ್ದೆ.

ಹೆಸರು ಹಾಕಬೇಡ ಅಂತ ನನ್ನ ಅತ್ತೆ ಹೇಳಿದ್ದಾರೆ. ಆರೈಕೆ ಕೇಂದ್ರದ ಹೆಸರನ್ನೂ ನಾನು ಬರೆಯುವುದಿಲ್ಲ. ಕಾರಣ ಆಮೇಲೆ ಹೇಳುತ್ತೇನೆ. ಪತ್ರ ಸ್ವಲ್ಪ ಉದ್ದ ಆದೀತು. ಕತ್ತರಿ ಹಾಕುವುದಾದರೆ ದಯವಿಟ್ಟು ಒಂದು ಮಾತು ಕೇಳಿ ಹಾಕಿ. ಯಾಕೆ ಅಂತ ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ಗುಡ್ಡದ ಬುಡದ ಮನೆ. ರಸ್ತೆಯಿಂದ ಅಂಗಳಕ್ಕೆ 19 ಮೆಟ್ಟಿಲು ಇಳಿಯಬೇಕು. ಬಚ್ಚಲು ಮನೆಯ ಹೊರಗೆ. ಮೇ ಕೊನೆಯ ಮಳೆಗೆ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಅತ್ತೆಯ ಸೊಂಟದ ಮೂಳೆ ಮುರಿಯಿತು. ಅವರಿಗೆ 81 ವರ್ಷ. ಮಂಗಳೂರಿನಲ್ಲಿ ಆಪರೇಷನ್ ಆಯಿತು. ಎಂಟು ದಿನ ನಾನೇ ಜೊತೆಗಿದ್ದೆ. ಡಿಸ್ಚಾರ್ಜ್ ದಿನ ಡಾಕ್ಟರು, ಇವರಿಗೆ ದಿನಾ ಎರಡು ಹೊತ್ತು ವ್ಯಾಯಾಮ ಮಾಡಿಸಬೇಕು, ಮೆಟ್ಟಿಲು ಹತ್ತುವ ಹಾಗಿಲ್ಲ, ಎತ್ತಿ ಕೂರಿಸಲು ಇಬ್ಬರು ಬೇಕು ಎಂದರು. ಮನೆಯಲ್ಲಿ ಇರುವುದು ನಾನು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ನನ್ನ ಗಂಡ, ಎರಡು ದನ. ಹಾಗಾಗಿ ಗಡಿಯ ಈಚೆ, ನಮ್ಮ ಜಿಲ್ಲೆಯಲ್ಲೇ ಇರುವ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದೆವು. ತಿಂಗಳಿಗೆ 28,000 ರೂಪಾಯಿ. ಫಿಸಿಯೋಥೆರಪಿ ಬೇರೆ.

ಸುಳ್ಳು ಹೇಳಬಾರದು, ವ್ಯಾಯಾಮ ಚೆನ್ನಾಗಿಯೇ ಮಾಡಿಸಿದರು. ಹೋಗುವಾಗ ಸ್ಟ್ರೆಚರ್‌ನಲ್ಲಿ ಹೋದ ಅತ್ತೆ ಒಂದು ತಿಂಗಳಲ್ಲಿ ವಾಕರ್ ಹಿಡಿದು ಬಾಗಿಲವರೆಗೆ ಬರುತ್ತಿದ್ದರು. ಊಟವೂ ಪರವಾಗಿಲ್ಲ, ಕುಚ್ಚಲಕ್ಕಿ ಗಂಜಿ ಸಿಗುತ್ತಿತ್ತು. ವಾರಕ್ಕೊಮ್ಮೆ ನಾವು ಹೋಗುತ್ತಿದ್ದೆವು. ಮೊಮ್ಮಗಳೂ ಬರುತ್ತಿದ್ದಳು.

ಐದನೇ ವಾರದಲ್ಲಿ ಅತ್ತೆ, ತಲೆ ತುರಿಸುತ್ತದೆ ಎಂದರು. ನಾನು, ಮಳೆಗೆ ಬೆವರು ಒಣಗುವುದಿಲ್ಲ, ಹೊಟ್ಟು ಆಗಿರಬೇಕು ಎಂದೆ. ತಲೆ ಬಿಡಿಸಿ ನೋಡಲಿಲ್ಲ. ಇದು ನನ್ನ ತಪ್ಪು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಹತ್ತು ದಿನ ಕಳೆದು ಬೆಳಿಗ್ಗೆ ಕೇಂದ್ರದಿಂದ ಫೋನ್ ಬಂತು. ಹಾಲು ಅಳೆಯುತ್ತಾ ಇದ್ದೆ. ಆ ಕಡೆಯಿಂದ ಮಲಯಾಳದಲ್ಲಿ, ಅಮ್ಮನ ಕೂದಲು ತೆಗೆಯಬೇಕು, ಅವರು ಬಿಡುತ್ತಿಲ್ಲ, ನೀವೊಂದು ಸಲ ಹೇಳಿ ಎಂದರು. ಯಾಕೆ ಅಂದರೆ, ಪೇನ್, ಅಂದರೆ ಹೇನು, ಆಗಿದೆ, ರೂಮಿನಲ್ಲಿ ಎಲ್ಲರದ್ದೂ ತೆಗೆದಾಯಿತು, ಇವರದ್ದೊಂದು ಬಾಕಿ ಎಂದರು. ಕೆಲಸ ಬೇಗ ಮುಗಿಸಬೇಕು ಎನ್ನುವ ದನಿ. ಕೆಟ್ಟ ದನಿ ಅಲ್ಲ.

ನಾವು ಹೋಗುವಾಗ ಹನ್ನೊಂದು ಗಂಟೆ. ಆರು ಮಂಚದ ಕೋಣೆ. ಐದು ಜನ ಹೆಂಗಸರ ಕೂದಲನ್ನು ಗಂಡುಮಕ್ಕಳ ಹಾಗೆ ಚಿಕ್ಕದಾಗಿ ಕತ್ತರಿಸಿದ್ದರು. ಒಬ್ಬೊಬ್ಬರದ್ದು ಒಂದೊಂದು ಅಳತೆ. ಕಿಟಕಿಯ ಹತ್ತಿರದ ಒಬ್ಬರು, ಅವರಿಗೆ ಮರೆವಿನ ಕಾಯಿಲೆ, ಇಲ್ಲದ ಜಡೆಯನ್ನು ಹೆಗಲ ಮೇಲೆ ಹುಡುಕುತ್ತಾ ಕೂತಿದ್ದರು. ನಮ್ಮ ಅತ್ತೆ ತಲೆಗೆ ಬೈರಾಸು (ಟವೆಲು) ಸುತ್ತಿ, ಎರಡೂ ಕೈಯಲ್ಲಿ ಹಿಡಿದುಕೊಂಡು, ಗೋಡೆಯ ಕಡೆ ಮುಖ ಮಾಡಿದ್ದರು. ಬೆಳಗಿನ ಗಂಜಿ ಹಾಗೇ ತಣಿದು ಕೆನೆಗಟ್ಟಿತ್ತು.

ನನ್ನನ್ನು ನೋಡಿ ಅತ್ತೆ ಒಂದೇ ಮಾತು ಹೇಳಿದರು. "ನನ್ನನ್ನು ಅಜ್ಜಿಯ ಹಾಗೆ ಮಾಡಬೇಡಿ."

ಈ ಮಾತು ಆ ಕೇಂದ್ರದ ಹುಡುಗಿಯರಿಗೆ ಅರ್ಥ ಆಗುವುದು ಕಷ್ಟ. ಈಗಿನ ಓದುಗರಿಗೂ ಹೇಳಬೇಕಾದೀತು. ಅತ್ತೆಯ ಅಜ್ಜಿ ಸಣ್ಣ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡವರು. ಆಗಿನ ನಮ್ಮವರ ಮನೆಗಳಲ್ಲಿ ಇದ್ದ ಹಾಗೆ ಸಾಯುವವರೆಗೆ ಕೆಂಪು ಸೀರೆ, ಬೋಳು ತಲೆ. ಕ್ಷೌರದವನು ಬರುವ ದಿನ ಅಜ್ಜಿ ಹಿತ್ತಿಲಿಗೆ ಹೋಗಿ ಮುಖ ತಗ್ಗಿಸಿ ಕೂರುತ್ತಿದ್ದರಂತೆ. ಮಕ್ಕಳು ನೋಡಬಾರದು ಅಂತ ಬಾಗಿಲು ಹಾಕುತ್ತಿದ್ದರಂತೆ. ಅತ್ತೆ ಬಾಗಿಲ ಸಂದಿನಲ್ಲಿ ನೋಡುತ್ತಿದ್ದರು. ಮಾವ ತೀರಿಕೊಂಡು ಈಗ 14 ವರ್ಷ. ಅಷ್ಟರಲ್ಲಿ ಆ ಕಾಲ ಹೋಗಿತ್ತು, ಅತ್ತೆಯ ಕೂದಲನ್ನು ಯಾರೂ ಮುಟ್ಟಲಿಲ್ಲ. ಈಗ ಉಳಿದಿರುವುದು ಒಂದು ನಿಂಬೆಹಣ್ಣಿನಷ್ಟು ದಪ್ಪದ ತುರುಬು. ಅದಕ್ಕೆ ಸಹ ದಿನಾ ಎಣ್ಣೆ ಹಚ್ಚಿ ಬಾಚಿ ಕಟ್ಟಿಕೊಳ್ಳುವವರು ಅವರು.

ಅಲ್ಲಿ ಮಾತಿಗೆ ಮಾತು ಬೆಳೆಸಲಿಲ್ಲ. ಒಂದು ವಾರ ಬಾಕಿ ಇತ್ತು. ಬಿಲ್ ಕಟ್ಟಿ ಅವತ್ತೇ ಕರೆದುಕೊಂಡು ಬಂದೆವು. 19 ಮೆಟ್ಟಿಲನ್ನು ಪಕ್ಕದ ಮನೆಯ ಹುಡುಗರಿಬ್ಬರು ಕುರ್ಚಿಯಲ್ಲಿ ಕೂರಿಸಿ ಇಳಿಸಿದರು.

ಮರುದಿನ ಪಂಚಾಯತಿನ ಪಾಲಿಯೇಟಿವ್ ನರ್ಸ್ ಬಂದರು. ಕೇರಳದಲ್ಲಿ 2008ರಿಂದ ಪಾಲಿಯೇಟಿವ್ ಆರೈಕೆಗೆ ಸರಕಾರದ್ದೇ ನೀತಿ ಇದೆ. ಹಾಸಿಗೆ ಹಿಡಿದವರ ಮನೆಗೆ ನರ್ಸ್ ಬರುವ ಈ ಏರ್ಪಾಡನ್ನು ಎಷ್ಟು ಹೊಗಳಿದರೂ ಕಮ್ಮಿ. ನಾನು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, ಅತ್ತೆಗೆ ಹೇನು ಆಗಿದೆ ಎಂದೆ. ಅವರು ಗಟ್ಟಿಯಾಗಿ ನಕ್ಕರು. "ಮೊದಲು ನೀವು ಕೂತುಕೊಳ್ಳಿ, ನಿಮ್ಮ ತಲೆ ನೋಡುತ್ತೇನೆ" ಎಂದರು. ನನ್ನ ತಲೆಯಲ್ಲಿ ಎರಡು ಸಿಕ್ಕಿತು. 57 ವರ್ಷದ ನನಗೆ ಭೂಮಿಗಿಳಿದು ಹೋಗುವ ಹಾಗಾಯಿತು. ಒಳಗಿನಿಂದ ಅತ್ತೆ ಕೇಳಿಸಿಕೊಂಡರು. ಒಂದು ವಾರದಿಂದ ನಗದವರು ಆಗ ನಕ್ಕರು.

ನರ್ಸ್ ಹೇಳಿದ್ದನ್ನು, ಆಮೇಲೆ ಸರಕಾರಿ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದನ್ನು ಸೇರಿಸಿ ಬರೆಯುತ್ತೇನೆ. ನನ್ನ ಹಾಗೆ ಗೊತ್ತಿಲ್ಲದವರು ಇರುತ್ತಾರೆ.

ಹೇನು ಹಾರುವುದಿಲ್ಲ, ನೆಗೆಯುವುದೂ ಇಲ್ಲ. ಎಳ್ಳಿನಷ್ಟು ಉದ್ದ, ಆರು ಕಾಲು, ನಡೆಯುವುದಷ್ಟೇ ಅದಕ್ಕೆ ಗೊತ್ತು. ತಲೆಗೆ ತಲೆ ತಾಗಿದರೆ ಈ ಕೂದಲಿನಿಂದ ಆ ಕೂದಲಿಗೆ ಹೋಗುತ್ತದೆ. ಬಾಚಣಿಗೆ, ಬೈರಾಸಿನಿಂದ ಬರುವುದೂ ಉಂಟು, ಆದರೆ ಅದು ಕಮ್ಮಿ. ತಲೆ ಬಿಟ್ಟ ಹೇನಿಗೆ ರಕ್ತ ಸಿಗುವುದಿಲ್ಲ, ಎರಡು ದಿನದಲ್ಲಿ ಸಾಯುತ್ತದೆ. ತಲೆಹೇನಿನಿಂದ ಯಾವ ಜ್ವರವೂ ಹರಡುವುದಿಲ್ಲ. ಟೈಫಸ್ ಹರಡುವುದು ಬಟ್ಟೆಯಲ್ಲಿ ಇರುವ ಮೈಹೇನು, ಅದು ಬೇರೆ.

ಆರೈಕೆ ಕೇಂದ್ರದಲ್ಲಿ ಯಾರು ಯಾರ ತಲೆಗೆ ತಲೆ ತಾಗಿಸುತ್ತಾರೆ ಅಂತ ನಾನು ಕೇಳಿದೆ. ನರ್ಸ್ ತೋರಿಸಿಕೊಟ್ಟರು. ಅತ್ತೆಯನ್ನು ಮಂಚದಿಂದ ಕುರ್ಚಿಗೆ ದಾಟಿಸಬೇಕು. ಅತ್ತೆ ಎರಡೂ ಕೈಯನ್ನು ಅವರ ಕುತ್ತಿಗೆಗೆ ಹಾಕಿದರು. ಇಬ್ಬರ ಕೆನ್ನೆಗೆ ಕೆನ್ನೆ, ಕಿವಿಗೆ ಕಿವಿ. ಒಂದು ಹುಡುಗಿ ದಿನಕ್ಕೆ ಹತ್ತು ಸಲ, ಆರು ಮಂಚದಲ್ಲಿ ಹೀಗೆ ಎತ್ತುತ್ತಾಳೆ. ಕೊಳಕಿನಿಂದ ಹೇನು ಬರುತ್ತದೆ ಎನ್ನುವುದು ಸುಮ್ನೆ ಮಾತು. ಒಬ್ಬರನ್ನು ಒಬ್ಬರು ಅಪ್ಪಿ ಹಿಡಿಯುವ ಜಾಗದಲ್ಲಿ ಅದು ಬರುತ್ತದೆ.

ಇಲ್ಲಿ ಒಬ್ಬಳು ಹುಡುಗಿಯ ವಿಷಯ ಹೇಳಬೇಕು. ಜಾರ್ಖಂಡಿನಿಂದ ಬಂದವಳು. ಅತ್ತೆಯನ್ನು ಹೆಚ್ಚಾಗಿ ಎತ್ತುತ್ತಿದ್ದವಳು ಅವಳೇ. ಅವಳ ತಲೆಯಲ್ಲೂ ಹೇನು ಸಿಕ್ಕಿತು. ಅವಳೇ ತಂದದ್ದು ಅಂತ ಅಲ್ಲಿ ತೀರ್ಮಾನ ಆಗಿತ್ತು. ನಾವು ಬಿಲ್ ಕಟ್ಟುವಾಗ ಅವಳು ಗುಡಿಸುವುದನ್ನು ಬಿಟ್ಟು ಹೊರಗೆ ಮಳೆ ನೋಡುತ್ತಾ ನಿಂತಿದ್ದಳು. ಡಾಕ್ಟರಮ್ಮ ಹೇಳಿದ್ದು ಕೇಳಿದ ಮೇಲೆ ಅವಳ ಮುಖ ಜಾಸ್ತಿ ನೆನಪಾಗುತ್ತದೆ. ತುರಿಕೆ ಅನ್ನುವುದು ಹೇನಿನ ಎಂಜಲಿಗೆ ನಮ್ಮ ಮೈ ಒಗ್ಗದೆ ಬರುವ ಅಲರ್ಜಿ. ಮೊದಲ ಸಲ ಹೇನು ಆದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಕೆಲವರಿಗೆ ತುರಿಸುವುದೇ ಇಲ್ಲ. ಹಾಗಾದರೆ ಮೊದಲು ತುರಿಸಿಕೊಂಡವರೇ ತಂದವರು ಅಂತ ಹೇಳುವುದು ಹೇಗೆ? ಆರು ಮಂಚ, ಮೂರು ಪಾಳಿಯ ಹುಡುಗಿಯರು, ವಾರಕ್ಕೊಮ್ಮೆ ಬಂದು ಅಪ್ಪಿ ಹೋಗುವ ನಾವು. ಯಾರ ತಲೆಯಿಂದ ಶುರುವಾಯಿತು ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ. ಕೊನೆಗೆ ಅದು ಯಾರ ಮೇಲೆ ಹೋಗಿ ಕೂರುತ್ತದೆ ಅಂದರೆ, ಭಾಷೆ ಬಾರದ, ಊರು ದೂರದ, ಸಂಬಳ ಕಮ್ಮಿಯವಳ ಮೇಲೆ.

ಭಾಷೆ ಅಂದಾಗ ಇನ್ನೊಂದು. ನಾನು ಮೊದಲು ಈ ಪತ್ರವನ್ನು ಭಾಷೆಯ ದೂರಾಗಿಯೇ ಬರೆಯಬೇಕು ಅಂತಿದ್ದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಾವು ಇಲ್ಲಿನ ಕನ್ನಡಿಗರು ಬರೆಯುತ್ತಾ ಬಂದ ಪತ್ರ ಅದೇ ಅಲ್ವಾ. ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯುವ ಹಕ್ಕು ಕೇರಳದ 1969ರ ಭಾಷಾ ಕಾನೂನಿನಲ್ಲಿದೆ, ಖಾಸಗಿ ಕೇಂದ್ರಕ್ಕೆ ಅದು ನಾಟುವುದಿಲ್ಲ. ಅಲ್ಲಿನ ಬೋರ್ಡು, ಚೀಟಿ, ಮದ್ದಿನ ಹೊತ್ತು ಬರೆದ ಪಟ್ಟಿ ಎಲ್ಲ ಮಲಯಾಳ. ಅತ್ತೆಗೆ ಹೇಳಲು ಆಗದೆ ಹೀಗಾಯಿತು ಅಂತ ನಾನು ಅಂದುಕೊಂಡಿದ್ದೆ. ಅತ್ತೆಯನ್ನು ಕೇಳಿದೆ. ಅವರು ಕನ್ನಡದಲ್ಲಿ ಹೇಳಿಯೇ ಇರಲಿಲ್ಲ. ತುಳುವಿನಲ್ಲಿ ಹೇಳಿದ್ದರು. "ಪೇನ್ ಉಂಡು" ಅಂತ. ತುಳುವಿನಲ್ಲೂ ಪೇನ್, ಮಲಯಾಳದಲ್ಲೂ ಪೇನ್. ನಮ್ಮ ಹಳಗನ್ನಡದಲ್ಲೂ ಪೇನ್, ಪಾಲು ಹಾಲಾದ ಹಾಗೆ ಅದು ಆಮೇಲೆ ಹೇನು ಆಯಿತು. ಉಂಡು ಅಂದರೂ ಅವರಿಗೆ ತಿಳಿಯುತ್ತದೆ. ಆ ಎರಡು ಶಬ್ದ ತಲಪಾಡಿಯಿಂದ ತಿರುವನಂತಪುರದವರೆಗೆ ಯಾರಿಗೆ ಹೇಳಿದರೂ ಅರ್ಥ ಆಗುತ್ತದೆ. ಹೇಳಿದ್ದೂ ಅರ್ಥ ಆಗಿತ್ತು. ಸುಮ್ನಿದ್ದರು, ಅಷ್ಟೇ. ಮನೆಯವರಿಗೆ ಗೊತ್ತಾದರೆ ಕೇಂದ್ರದ ಹೆಸರು ಹಾಳು ಎನ್ನುವ ಹೆದರಿಕೆಗೆ ಹತ್ತು ದಿನ ಹೋಯಿತು.

ಆ ಹತ್ತು ದಿನದಲ್ಲಿ ಏನಾಗುತ್ತದೆ ಎಂದರೆ, ಒಂದು ಹೆಣ್ಣು ಹೇನು ದಿನಕ್ಕೆ ಆರೇಳು ಮೊಟ್ಟೆ ಇಡುತ್ತದೆ. ಅದೇ ಸೀರು. ಅಂಟು ಹಾಕಿದ ಹಾಗೆ ಕೂದಲಿಗೆ ಕಚ್ಚಿಕೊಳ್ಳುತ್ತದೆ. ಸುಮಾರು ಒಂದು ವಾರಕ್ಕೆ ಮರಿ, ಇನ್ನೊಂದು ಒಂಬತ್ತು ಹತ್ತು ದಿನಕ್ಕೆ ಮರಿಯೇ ಮೊಟ್ಟೆ ಇಡುವ ಹೇನು.

ಈಗ ಕತ್ತರಿಯ ವಿಷಯ. ಹೇನು ಸೀರನ್ನು ಕೂದಲಿನ ತುದಿಯಲ್ಲಿ ಇಡುವುದಿಲ್ಲ. ಬುಡದಲ್ಲಿ, ತಲೆಯ ಚರ್ಮದಿಂದ ಕಾಲು ಇಂಚಿನ ಒಳಗೆ ಇಡುತ್ತದೆ. ಅದಕ್ಕೆ ಆ ಬಿಸಿ ಬೇಕು. ಹೇನೂ ಇರುವುದು ಅಲ್ಲೇ. ಹಾಗಿರುವಾಗ ಎರಡು ಇಂಚು ಉಳಿಸಿ ಕತ್ತರಿಸಿದರೆ ಹೋಗುವುದು ಕೂದಲು ಮಾತ್ರ. ಹೇನು ಇದ್ದಲ್ಲೇ ಇರುತ್ತದೆ. ಆ ಕೋಣೆಯ ಐದು ಹೆಂಗಸರು ಜಡೆ ಕಳೆದುಕೊಂಡರು, ಹೇನು ಕಳೆದುಕೊಳ್ಳಲಿಲ್ಲ. ಬಾಚಲು ಸುಲಭ ಆಗುತ್ತದೆ ಅಂತ ಒಂದು ವಾದ ಇದೆ. ಇರಲಿ. ಆದರೆ ಅಲ್ಲಿ ಯಾರೂ ಬಾಚುತ್ತಿರಲಿಲ್ಲ. ಆರು ಜನಕ್ಕೆ ಒಂದು ಬಾಚಣಿಗೆ ಕಿಟಕಿಯ ಮೇಲೆ ಇತ್ತು, ಅದೂ ದೊಡ್ಡ ಹಲ್ಲಿನದ್ದು.

ಇನ್ನೊಂದು ಕೆಲಸ ಮಾಡಿದ್ದರು. "ರೂಮಿಗೆಲ್ಲ ಸ್ಪ್ರೇ ಹೊಡೆದಿದ್ದೇವೆ, ನೀವು ಹೆದರಬೇಡಿ" ಎಂದು ನಮಗೆ ಧೈರ್ಯ ಹೇಳಿದರು. ನಮ್ಮ ಎಣ್ಮಕಜೆ ಪಂಚಾಯತಿನವರಿಗೆ ಸ್ಪ್ರೇ ಅಂತ ಹೇಳಿ ಧೈರ್ಯ ಕೊಡುವುದು! ಇಪ್ಪತ್ತಕ್ಕೂ ಜಾಸ್ತಿ ವರ್ಷ ಗೇರು ಗುಡ್ಡೆಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ತಲೆ ಎತ್ತಿ ನೋಡಿದವರು ನಾವು. ಬಾವಿ ಮುಚ್ಚಿ ಎಂದಾಗ ತೆಂಗಿನ ಗರಿ ಹಾಕಿ ಮುಚ್ಚಿದವರು ಇದೇ ಅತ್ತೆ. ಅದು ನಿಂತದ್ದು 2000ದ ಕೊನೆಗೆ, ಸುಪ್ರೀಂ ಕೋರ್ಟು ದೇಶಕ್ಕೇ ಬೇಡ ಎಂದದ್ದು 2011ರಲ್ಲಿ. ಅದರಿಂದ ಮಲಗಿದಲ್ಲೇ ಇರುವ ಮಕ್ಕಳು ಈಗಲೂ ನಮ್ಮ ಸುತ್ತಮುತ್ತ ಇದ್ದಾರೆ. ಆ ಕೋಣೆಗೆ ಯಾವ ಮದ್ದು ಹೊಡೆದರೋ, ಗೊತ್ತಿಲ್ಲ. ಯಾವುದಾದರೂ ಸರಿ, ಹೇನಿಗೆ ಕೋಣೆಗೆ ಸ್ಪ್ರೇ ಹೊಡೆಯುವ ಅಗತ್ಯವೇ ಇಲ್ಲ. ಹೇನು ಇರುವುದು ತಲೆಯಲ್ಲಿ, ಗೋಡೆಯಲ್ಲಿ ಅಲ್ಲ. ಉಸಿರಾಟದ ತೊಂದರೆ ಇರುವ ಮುದುಕಿಯರ ಕೋಣೆ ಬೇರೆ ಅದು.

ಇದೇ ಕಾರಣಕ್ಕೆ ಡಾಕ್ಟರಮ್ಮ ಪರ್ಮೆಥ್ರಿನ್ ಲೋಷನ್ ಬರೆದಾಗ ನನ್ನ ಕೈ ಹಿಂದೆ ಹೋಯಿತು. ಕೀಟನಾಶಕವನ್ನು ತಲೆಗೆ ಹಚ್ಚುವುದಾ? ಅವರು ಬೇಸರ ಮಾಡದೆ ಕೂರಿಸಿ ಹೇಳಿದರು. ಇದು ಎಂಡೋಸಲ್ಫಾನಿನ ಜಾತಿ ಅಲ್ಲ. ಸೇವಂತಿಗೆಯ ಜಾತಿಯ ಒಂದು ಹೂವಿನಲ್ಲಿರುವ ಕೀಟನಾಶಕದ ಹಾಗೆ ಮಾಡಿದ ಮದ್ದು. ನಿಮ್ಮ ಮನೆಯಲ್ಲಿ ರಾತ್ರಿ ಉರಿಸುವ ಸೊಳ್ಳೆಬತ್ತಿಯಲ್ಲಿ ಇರುವುದೂ ಇದೇ ಕುಟುಂಬದ್ದು. ತಲೆಗೆ 1% ಇರುವುದು, 10 ನಿಮಿಷ ಬಿಟ್ಟು ತೊಳೆಯಬೇಕು. 5% ಇರುವ ಕ್ರೀಮು ಕಜ್ಜಿಗೆ, ಅದನ್ನು ತಂದು ಹಚ್ಚಬೇಡಿ. ಹೇನು ಸಾಯುತ್ತದೆ, ಸೀರು ಎಲ್ಲವೂ ಸಾಯುವುದಿಲ್ಲ. ಹಾಗಾಗಿ ಒಂಬತ್ತನೇ ದಿನ ಇನ್ನೊಮ್ಮೆ. ಮದ್ದು ಬೇಡ ಅಂದರೆ ಬಾಚಿ ತೆಗೆಯಬಹುದು, ಆದರೆ ಬಾಚಲು ಹೇಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸುವ ಹಾಗಿಲ್ಲ ಎಂದರು.

ನಮ್ಮಲ್ಲಿ ಎರಡೂ ನಡೆಯಿತು. ಮೊಮ್ಮಗಳ ತಲೆಯಲ್ಲೂ ಇತ್ತು. ಅವಳಮ್ಮ, ನನ್ನ ಮಗಳು, ಕೆಲಸಕ್ಕೆ ಹೋಗುವವಳು. ಅವಳು ಲೋಷನ್ ಹಚ್ಚಿದಳು, ಒಂಬತ್ತನೇ ದಿನ ಮತ್ತೆ ಹಚ್ಚಿದಳು, ಮುಗಿಯಿತು. ಅತ್ತೆಯ ತಲೆಯಲ್ಲಿ ತುರಿಸಿ ತುರಿಸಿ ಗಾಯ ಆಗಿತ್ತು. ಅವರಿಗೆ ಬಾಚುವುದೇ ಅಂತ ಆಯಿತು. ನನ್ನದನ್ನೂ ಬಾಚಿಯೇ ತೆಗೆದದ್ದು, ಅತ್ತೆಯೇ ಬಾಚಿದ್ದು.

ಬಾಚುವುದು ಅಂದರೆ ಹೀಗೆ. ಹಲ್ಲು ತೀರಾ ಒತ್ತಾಗಿರುವ ಬಾಚಣಿಗೆ ಬೇಕು. ನನ್ನ ಅಜ್ಜಿ ಸೀರಣಿಗೆ ಎನ್ನುತ್ತಿದ್ದರು. ಕೂದಲು ಒದ್ದೆ ಇರಬೇಕು, ಜಾರುವ ಹಾಗೆ ಏನಾದರೂ ಹಚ್ಚಿರಬೇಕು. ಒಣಕೂದಲಿನಲ್ಲಿ ಹೇನು ಓಡುತ್ತದೆ. ಒದ್ದೆಯಾಗಿ ಕಂಡೀಷನರ್ ಮೆತ್ತಿದರೆ ಅದಕ್ಕೆ ಓಡಲು ಆಗುವುದಿಲ್ಲ. ನಾನು ಕಂಡೀಷನರ್ ಪ್ಯಾಕೆಟ್ ತಂದೆ. ಅತ್ತೆ ಮೂಸಿ ನೋಡಿ ಬೇಡ ಎಂದರು. ಬೇಲಿಯಲ್ಲಿ ದಾಸವಾಳ ಇರುವಾಗ ಇದೆಂತಕ್ಕೆ ಎಂದರು. ಸೊಪ್ಪು ಕಿವುಚಿ ಲೋಳೆ ಮಾಡಿ ಹಚ್ಚಿದೆ. ಬಾಚಣಿಗೆ ಸರಾಗವಾಗಿ ಹೋಯಿತು. ಕಿವಿಯ ಹಿಂದೆ, ಕುತ್ತಿಗೆಯ ಮೇಲೆ ಇರುವುದು ಜಾಸ್ತಿ. ಕೂದಲನ್ನು ಸಣ್ಣ ಸಣ್ಣ ಪಾಲು ಮಾಡಿ, ಬುಡಕ್ಕೆ ತಾಗಿಸಿ, ತುದಿಯವರೆಗೆ ಎಳೆದು, ಪ್ರತಿ ಸಲವೂ ಬಿಳಿ ಬಟ್ಟೆಗೆ ಒರೆಸಬೇಕು. ಮುಕ್ಕಾಲು ಗಂಟೆ ಹಿಡಿಯುತ್ತದೆ.

ಒಂದು ವಿಷಯ ಯಾರೂ ಹೇಳಿರಲಿಲ್ಲ, ನಾನೇ ಕಂಡುಕೊಂಡದ್ದು. ಬಿಳಿ ಕೂದಲಿನಲ್ಲಿ ಸೀರು ಕಾಣುವುದಿಲ್ಲ. ಮಕ್ಕಳ ಕಪ್ಪು ಕೂದಲಿನಲ್ಲಿ ಎದ್ದು ಕಾಣುವ ಸೀರು ಅತ್ತೆಯ ತಲೆಯಲ್ಲಿ ಇದ್ದೂ ಇಲ್ಲದ ಹಾಗೆ. ಕೊನೆಗೆ ಕೊಡೆಯ ಹರಿದ ಕಪ್ಪು ಬಟ್ಟೆಯನ್ನು ಕೂದಲಿನ ಹಿಂದೆ ಹಿಡಿದು, ನನ್ನ ಗಂಡ ಪಂಚಾಂಗ ಓದುವ ಭೂತಗನ್ನಡಿಯಲ್ಲಿ ನೋಡಿದೆ. ಆಗ ಕಂಡಿತು. ಒಂದೆರಡು ಖಾಲಿ ಸೀರು ಬುಡದಿಂದ ಒಂದು ಸೆಂಟಿಮೀಟರ್ ಮೇಲೆ ಇತ್ತು. ಕೂದಲು ಬೆಳೆಯುವುದು ತಿಂಗಳಿಗೆ ಹತ್ತಿರ ಹತ್ತಿರ ಅಷ್ಟೇ. ಅಂದರೆ ಆ ಸೀರು ಇಟ್ಟು ಒಂದು ತಿಂಗಳಾದರೂ ಆಗಿದೆ. ಒಂದು ತಿಂಗಳ ಹಿಂದೆ ಅತ್ತೆ ಕೇಂದ್ರದಲ್ಲೇ ಇದ್ದರು. ಮಂಗಳೂರಿನ ಆಸ್ಪತ್ರೆಯಲ್ಲಿ ದಿನಾ ನಾನೇ ಬಾಚಿ ತುರುಬು ಕಟ್ಟಿದ್ದೆ, ಆಗ ಏನೂ ಇರಲಿಲ್ಲ.

ಒಂದು, ಐದು, ಒಂಬತ್ತು, ಹದಿಮೂರನೇ ದಿನ ಬಾಚಬೇಕು. ಹದಿನೇಳಕ್ಕೆ ಒಮ್ಮೆ ನೋಡಬೇಕು. ಹೊಸದಾಗಿ ಒಡೆದ ಮರಿ ದೊಡ್ಡದಾಗಿ ಮೊಟ್ಟೆ ಇಡುವ ಮೊದಲು ಹಿಡಿಯುವ ಲೆಕ್ಕ ಇದು. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಟ್ಟೆ. ಮೊದಲ ದಿನ 23. ಐದನೇ ದಿನ 9, ಎಲ್ಲ ಸಣ್ಣ ಮರಿಗಳು. ಒಂಬತ್ತಕ್ಕೆ 2. ಹದಿಮೂರಕ್ಕೆ ಏನೂ ಇಲ್ಲ. ಹದಿನೇಳಕ್ಕೂ ಇಲ್ಲ. ಖರ್ಚು ಬಾಚಣಿಗೆಗೆ 40 ರೂಪಾಯಿ. ಬೇಡವಾದ ಕಂಡೀಷನರ್‌ನಲ್ಲಿ ನಾನು ತಲೆ ತೊಳೆದುಕೊಂಡೆ.

ಬಟ್ಟೆಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆಟಿಯ ಮಳೆಗೆ ಹೊದಿಕೆ ಒಗೆದರೆ ಒಣಗುವುದು ಮುಂದಿನ ತಿಂಗಳು ಸೋಣಕ್ಕೇ. ಹಿಂದಿನ ಎರಡು ದಿನ ಬಳಸಿದ ತಲೆದಿಂಬಿನ ಬಟ್ಟೆ, ಬೈರಾಸು ಮಾತ್ರ ಹಂಡೆಯ ಸುಡುನೀರಿನಲ್ಲಿ ಅದ್ದಿದೆ. ಉಣ್ಣೆಯ ಶಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ವಾರ ಅಟ್ಟದಲ್ಲಿ ಇಟ್ಟೆ.

ಸಲಹೆ ಕೊಡುವವರಿಗೆ ನಮ್ಮೂರಲ್ಲಿ ಕೊರತೆ ಇಲ್ಲ. ಚಿಮಿಣಿ ಎಣ್ಣೆ (ಸೀಮೆಎಣ್ಣೆ) ಹಚ್ಚಿ ಎಂದವರು ಮೂರು ಜನ. ಅಡಿಕೆ ಸಿಪ್ಪೆಯ ಬೆಂಕಿ ಉರಿಯುವ ಬಚ್ಚಲಿಗೆ ತಲೆಗೆ ಚಿಮಿಣಿ ಎಣ್ಣೆ ಸುರಿದ ಮುದುಕಿಯನ್ನು ಕರೆದುಕೊಂಡು ಹೋಗುವುದು ಹೇಗೆ ಅಂತ ಅವರು ಯೋಚನೆ ಮಾಡಿರಲಿಕ್ಕಿಲ್ಲ. ಸೀತಾಫಲದ ಬೀಜ ಅರೆದು ಹಚ್ಚಿ ಎಂದರು ಇನ್ನೊಬ್ಬರು. ಅದು ಹೇನು ಕೊಲ್ಲುವುದು ಹೌದು. ಕಣ್ಣಿಗೆ ಇಳಿದರೆ ಕಣ್ಣಿನ ಕರಿಗುಡ್ಡೆಯ ಮೇಲ್ಪದರ ಸುಟ್ಟ ಹಾಗೆ ಆಗುತ್ತದೆ. ಅತ್ತೆಗೆ ಎರಡೂ ಕಣ್ಣಿನ ಪೊರೆ ತೆಗೆಸಿದೆ. ಬೇಡವೇ ಬೇಡ ಎಂದೆ.

ಈಗ ಆರೈಕೆ ಕೇಂದ್ರ ನಡೆಸುವವರ ಹತ್ತಿರ, ಅವರನ್ನು ನೋಡಿಕೊಳ್ಳುವ ಇಲಾಖೆಯವರ ಹತ್ತಿರ ನನ್ನ ಕೇಳಿಕೆ. ಹೇನು ಬರುತ್ತದೆ. ಬಂದದ್ದಕ್ಕೆ ಯಾರೂ ನಿಮ್ಮನ್ನು ಬೈಯುವುದಿಲ್ಲ, ಬೈದರೆ ಅದು ಅವರ ತಿಳಿವಳಿಕೆ ಸಾಲದೆ. ಬಂದ ದಿನವೇ ಫೋನ್ ಮಾಡಿ. ನಾವೂ ನಮ್ಮ ತಲೆ ನೋಡಿಕೊಳ್ಳಬೇಕಲ್ಲ! ನನಗೆ ಮೊದಲೇ ಹೇಳಿದ್ದರೆ ಮೊಮ್ಮಗಳ ತಲೆಗಾದರೂ ತಪ್ಪುತ್ತಿತ್ತು. ವಾರಕ್ಕೊಮ್ಮೆ ತಲೆಸ್ನಾನ ಮಾಡಿಸುವಾಗ ಒತ್ತುಹಲ್ಲಿನ ಬಾಚಣಿಗೆಯಲ್ಲಿ ಒಮ್ಮೆ ಎಳೆದು ನೋಡಿ. ಒಬ್ಬೊಬ್ಬರಿಗೆ ಒಂದೊಂದು ಬಾಚಣಿಗೆ, ಮೇಲೆ ಹೆಸರು. ಹೇನು ಸಿಕ್ಕಿದರೆ ಕೋಣೆಯ ಎಲ್ಲರ ತಲೆಯನ್ನೂ, ಎತ್ತುವ ಹುಡುಗಿಯರ ತಲೆಯನ್ನೂ ಅದೇ ದಿನ ನೋಡಿ, ಹೇನು ಇದ್ದವರಿಗೆಲ್ಲ ಒಟ್ಟಿಗೇ ಮದ್ದು ಮಾಡಿ. ಹುಡುಗಿಯರ ಸಂಬಳ ಹಿಡಿಯಬೇಡಿ, ಹಿಡಿದರೆ ಮುಂದಿನ ಸಲ ತಲೆ ತುರಿಸಿದರೂ ಅವರು ಹೇಳುವುದಿಲ್ಲ. ಮದ್ದಿನ ಖರ್ಚು ಬಿಲ್ಲಿಗೆ ಹಾಕಿ, ಕೊಡುತ್ತೇವೆ. ಮತ್ತೆ, ಯಾರ ತಲೆಗೂ ಅವರನ್ನು ಕೇಳದೆ ಕತ್ತರಿ ಹಾಕಬೇಡಿ. ಮಗನನ್ನೋ ಸೊಸೆಯನ್ನೋ ಕೇಳಿದರೆ ಸಾಲದು. ಅವರನ್ನೇ ಕೇಳಿ. ಮರೆವು ಇದ್ದವರಿಗೆ ಅರ್ಥ ಆಗದಿರಬಹುದು, ಆದರೂ ಕೇಳಿ. ಕಿಟಕಿಯ ಹತ್ತಿರದ ಆ ಅಮ್ಮ ಜಡೆ ಹುಡುಕುತ್ತಿದ್ದರಲ್ಲ.

ಕೇಂದ್ರದ ಹೆಸರು ಯಾಕೆ ಬರೆಯಲಿಲ್ಲ ಎಂದರೆ, ಬರೆದರೆ ಅವರು ಮೊದಲು ಕೆಲಸದಿಂದ ತೆಗೆಯುವುದು ಜಾರ್ಖಂಡಿನ ಹುಡುಗಿಯನ್ನು. ಅತ್ತೆ ವಾಕರ್ ಹಿಡಿದು ನಡೆದದ್ದು ಅವಳ ಹೆಗಲು ಹಿಡಿದು ಕಲಿತು. ಕಳೆದ ವಾರ ಅತ್ತೆಯೇ ಒತ್ತಾಯ ಮಾಡಿ ಅವಳಿಗೆ ಫೋನ್ ಮಾಡಿಸಿದರು. ಇವರಿಗೆ ಹಿಂದಿ ಬಾರದು, ಅವಳಿಗೆ ತುಳು ಬಾರದು. ಇಬ್ಬರೂ ಐದು ನಿಮಿಷ ಮಾತಾಡಿದರು. ಅವಳು ಅಲ್ಲೇ ಇದ್ದಾಳೆ. ಹೇನು ಹೋಯಿತಾ ಅಂತ ಕೇಳಲು ಅತ್ತೆ ಫೋನಿನ ಈ ಕಡೆ ತಮ್ಮ ತಲೆಯನ್ನೇ ತುರಿಸಿ ತೋರಿಸುತ್ತಿದ್ದರು. ಅದು ವಿಡಿಯೋ ಕಾಲ್ ಅಲ್ಲ.

ಈ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಜಗಲಿಯಲ್ಲಿ ಕೂತು, ಮೊಮ್ಮಗಳ ತಲೆಯನ್ನು ಮಡಿಲಲ್ಲಿ ಹಾಕಿಕೊಂಡು, ಕೇಳಿದರು. ಮೊದಲ ದಿನದ 23 ಅನ್ನುವುದು ತಪ್ಪು ಲೆಕ್ಕ, ಅದರಲ್ಲಿ ಎರಡು ನಿನ್ನದು, ಸರಿ ಮಾಡಿ ಬರೆ ಎಂದರು. ಸರಿ ಮಾಡಿದ್ದೇನೆ ಅಂತ ಹೇಳಿದ್ದೇನೆ.

ಇಂತಿ,
ಒಬ್ಬಳು ಸೊಸೆ
ಪೆರ್ಲ ಸಮೀಪ, ಕಾಸರಗೋಡು ಜಿಲ್ಲೆ